ಮೈನ್‌ಕ್ರಾಫ್ಟ್ ಹೊಲದಲ್ಲಿ ಅಂಚಿನ ಗೋಧಿ ಯಾಕೆ ಏಳುವುದಿಲ್ಲ?

ಪ್ರಶ್ನೆ: ನಮಸ್ಕಾರ ಸರ್. ನಾನು ಮೈನ್‌ಕ್ರಾಫ್ಟ್ ಜಾವಾ ಎಡಿಷನ್‌ನಲ್ಲಿ ಹಸಿವು ನೀಗಿಸಿಕೊಂಡು ಬದುಕಬೇಕಾದ ಸರ್ವೈವಲ್ ಮೋಡ್ ಆಡುತ್ತಿದ್ದೇನೆ. ಮನೆ ಪಕ್ಕ 13ಕ್ಕೆ 13 ಬ್ಲಾಕ್‌ನ ಹೊಲ ಮಾಡಿ, ನಟ್ಟನಡುವೆ ಒಂದು ಬಕೆಟ್ ನೀರು ಸುರಿದು, ಪೂರ್ತಿ ಗೋಧಿ ಬಿತ್ತಿದ್ದೇನೆ. ಸುತ್ತ ಒಂದು ಬ್ಲಾಕ್ ಎತ್ತರದ ಕಲ್ಲಿನ ಕಟ್ಟೆ ಇದೆ. ನಡುವಿನ ಗೋಧಿ ಹೇಗೋ ಬರುತ್ತದೆ. ಅಂಚಿನದ್ದು ಏಳುವುದೇ ಇಲ್ಲ. ಕತ್ತಲಾದ ಕೂಡಲೇ ಹಾಸಿಗೆಯಲ್ಲಿ ಮಲಗಿ ರಾತ್ರಿ ಕಳೆಯುತ್ತೇನೆ, ಬೆಳಗ್ಗೆ ಎದ್ದು ನೋಡಿದರೆ ಬೆಳೆ ಹಾಗೇ ಇರುತ್ತದೆ. ದೂರದ ಗಣಿಗೆ ಹೋಗಿ ತುಂಬಾ ಹೊತ್ತು ಬಿಟ್ಟು ಬಂದರೂ ಅದೇ ಕಥೆ. ಕಟ್ಟೆಯ ಪಕ್ಕ ಆಗಾಗ ಗಿಡ ಕಿತ್ತುಹೋಗಿ ಬರೀ ಮಣ್ಣು ಕಾಣುತ್ತದೆ. ಗೆಳೆಯರು ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ನಿಂತ ನೀರು ಸಾಲದು, ಹರಿಯುವ ನೀರು ಬೇಕಂತೆ. ಟಾರ್ಚ್ ಬೆಳಕಿಗೆ ಗೋಧಿ ಬರಲ್ಲ, ಬಿಸಿಲೇ ಬೇಕಂತೆ. ಮೂಳೆಪುಡಿಯ ಗೊಬ್ಬರ, ಅಂದರೆ ಬೋನ್ ಮೀಲ್ ಹಾಕಿದರೆ ಇಳುವರಿ ಕಡಿಮೆಯಂತೆ. ಕಬ್ಬು ಮರಳಿನಲ್ಲಿ ಬೇಗ ಬರುತ್ತದಂತೆ. ಇದರಲ್ಲಿ ಯಾವುದು ನಿಜ? ಹಸಿವು ನೀಗುವಷ್ಟು ಬೆಳೆ ತೆಗೆಯಲು ಏನು ಮಾಡಲಿ? ನೆಲದಡಿಯಲ್ಲಿ ಹೊಲ ಮಾಡುವ ಆಸೆಯೂ ಇದೆ. ಗೇಮ್‌ರೂಲ್ (ಆಟದ ನಿಯಮದ ಸೆಟ್ಟಿಂಗ್) ಬದಲಾಯಿಸಿ ಬೇಗ ಬೆಳೆಸಬಹುದು ಅಂತಲೂ ಕೇಳಿದೆ. ಅದರಿಂದ ಏನಾದರೂ ತೊಂದರೆ ಇದೆಯಾ?

ಉತ್ತರ: ನಿಮ್ಮ ಹೊಲದಲ್ಲಿ ಇರುವುದು ಒಂದೇ ತೊಂದರೆ ಅಲ್ಲ, ನಾಲ್ಕು. ನೀರು ಅಂಚಿಗೆ ಮುಟ್ಟುತ್ತಿಲ್ಲ. ಬರೀ ಗೋಧಿಯನ್ನೇ ಒತ್ತೊತ್ತಾಗಿ ಬಿತ್ತಿದ್ದೀರಿ. ಬೆಳೆ ಬೆಳೆಯಬೇಕಾದ ಹೊತ್ತಿನಲ್ಲಿ ನೀವು ಒಂದೋ ನಿದ್ದೆಯಲ್ಲಿ ಹೊತ್ತು ಹಾರಿಸುತ್ತೀರಿ, ಇಲ್ಲವೇ ದೂರ ಹೋಗಿರುತ್ತೀರಿ. ನಾಲ್ಕನೆಯದು ಆ ಕಟ್ಟೆ. ನಾಲ್ಕನ್ನೂ ಸರಿ ಮಾಡುವುದು ಕಷ್ಟವೇನಲ್ಲ. ಹಲವರು ಕೂಡಿ ಆಡುವ ಸರ್ವರ್‌ಗಳನ್ನು ನೋಡಿಕೊಳ್ಳುವುದು ನನ್ನ ಕೆಲಸ. ‘ನನ್ನ ಬೆಳೆ ನಿಂತುಹೋಗಿದೆ, ಸರ್ವರ್ ಕೆಟ್ಟಿದೆ’ ಅನ್ನುವ ದೂರು ಅಲ್ಲಿ ಮಾಮೂಲು. ಹೋಗಿ ನೋಡಿದರೆ ಹೆಚ್ಚಿನ ಸಲ ಇವೇ ನಾಲ್ಕು.

ಮೊದಲು ಬೆಳೆ ಹೇಗೆ ಬೆಳೆಯುತ್ತದೆ ಅನ್ನೋದು ಗೊತ್ತಾಗಬೇಕು. ಬಿತ್ತಿದ ಗೋಧಿಯ ಒಳಗೆ ಗಡಿಯಾರ ಇಲ್ಲ. ‘ಬಿತ್ತಿ ಇಷ್ಟು ಹೊತ್ತಾಯಿತು, ಇನ್ನು ಬಲಿಯಬೇಕು’ ಎಂದು ಆಟ ಲೆಕ್ಕ ಇಡುವುದಿಲ್ಲ. ಅಲ್ಲಿ ನಡೆಯುವುದು ಚೀಟಿ ಎತ್ತುವ ಆಟ. ಆಟದ ಜಗತ್ತು 16ಕ್ಕೆ 16 ಬ್ಲಾಕ್ ಅಗಲದ ಚಂಕ್‌ಗಳಾಗಿ ಹಂಚಿಕೊಂಡಿದೆ. ಪ್ರತಿ ಚಂಕ್ ಮತ್ತೆ 16 ಬ್ಲಾಕ್ ಎತ್ತರದ ತುಂಡುಗಳಾಗಿರುತ್ತದೆ. ಅಂದರೆ ಒಂದು ತುಂಡಿನಲ್ಲಿ 4,096 ಬ್ಲಾಕ್. ಆಟ ಸೆಕೆಂಡಿಗೆ 20 ಸಲ ಮಿಡಿಯುತ್ತದೆ, ಒಂದೊಂದು ಮಿಡಿತಕ್ಕೆ ಟಿಕ್ ಎನ್ನುತ್ತಾರೆ. ಪ್ರತಿ ಟಿಕ್‌ಗೆ ಆ 4,096ರಲ್ಲಿ ಯಾವುದಾದರೂ ಮೂರು ಬ್ಲಾಕ್ ಹೆಸರಿಗೆ ಚೀಟಿ ಬೀಳುತ್ತದೆ. ಇದಕ್ಕೆ ರ‍್ಯಾಂಡಮ್ ಟಿಕ್ ಅಂತ ಹೆಸರು. ಲೆಕ್ಕ ಹಾಕಿದರೆ ನಿಮ್ಮ ಒಂದು ಗೋಧಿ ಗಿಡಕ್ಕೆ ಸರಾಸರಿ 68 ಸೆಕೆಂಡಿಗೊಮ್ಮೆ ಚೀಟಿ ಬರುತ್ತದೆ. ಕೆಲವೊಮ್ಮೆ ಹತ್ತೇ ಸೆಕೆಂಡಿನಲ್ಲಿ ಬರಬಹುದು, ಕೆಲವೊಮ್ಮೆ ಐದು ನಿಮಿಷ ಬಾರದಿರಬಹುದು. ಒಟ್ಟಿಗೇ ಬಿತ್ತಿದ ಗಿಡಗಳು ಒಂದು ಉದ್ದ ಒಂದು ಗಿಡ್ಡ ಆಗುವುದು ಇದಕ್ಕೇ.

ಚೀಟಿ ಬಂದಾಕ್ಷಣ ಬೆಳೆ ಏರುವುದೂ ಇಲ್ಲ. ಆಗ ಆಟ ಎರಡು ವಿಷಯ ನೋಡುತ್ತದೆ. ಅಲ್ಲಿ ಬೆಳಕು 9 ಅಥವಾ ಅದಕ್ಕಿಂತ ಜಾಸ್ತಿ ಇದೆಯಾ ಅನ್ನೋದು ಮೊದಲನೆಯದು. ಇದ್ದರೆ, ಕೆಳಗಿನ ಮತ್ತು ಸುತ್ತಲಿನ ಮಣ್ಣು ಹೇಗಿದೆ ಎಂದು ನೋಡಿ ಅಂಕ ಕೊಡುತ್ತದೆ. ಅಂಕ ಜಾಸ್ತಿಯಾದಷ್ಟೂ ಒಂದು ಹಂತ ಮೇಲೇರುವ ಸಂಭವ ಜಾಸ್ತಿ. ಗೋಧಿಗೆ ಒಟ್ಟು ಎಂಟು ಹಂತ. ಬಿತ್ತಿದ್ದು ಮೊದಲನೆಯದು, ಬಲಿತದ್ದು ಎಂಟನೆಯದು. ಹಾಗಾಗಿ ಏಳು ಸಲ ಮೇಲೇರಬೇಕು.

ಹೀಗಾಗಿ ಬೆಳೆ ಬೇಗ ಬರಬೇಕಾದರೆ ದಾರಿ ಇರುವುದು ಎರಡೇ. ಚೀಟಿ ಬೀಳುತ್ತಲೇ ಇರಬೇಕು, ಬಿದ್ದ ಚೀಟಿ ಗೆಲ್ಲಬೇಕು. ಯಾರಾದರೂ ಹೊಸ ಉಪಾಯ ಹೇಳಿದರೆ ಅದು ಈ ಎರಡರಲ್ಲಿ ಯಾವುದನ್ನು ಬದಲಾಯಿಸುತ್ತದೆ ಅಂತ ಕೇಳಿ. ಉತ್ತರ ಇಲ್ಲದಿದ್ದರೆ ಅದು ಸುಮ್ನೆ ಮಾತು.

ಈಗ ಅಂಕದ ಲೆಕ್ಕ. ಇದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಯಾಕೆಂದರೆ ನಿಮ್ಮ ಅಂಚಿನ ಗೋಧಿಯ ಗುಟ್ಟು ಪೂರ್ತಿ ಇಲ್ಲೇ ಇದೆ. ಗಿಡದ ಕೆಳಗಿನ ಉತ್ತ ಮಣ್ಣು ಒದ್ದೆಯಾಗಿದ್ದರೆ 4 ಅಂಕ, ಒಣಗಿದ್ದರೆ 2. ಸುತ್ತಲಿನ ಎಂಟು ಬ್ಲಾಕ್‌ಗಳಲ್ಲಿ ಒಂದೊಂದು ಒದ್ದೆ ಉತ್ತ ಮಣ್ಣಿಗೂ 0.75, ಒಣ ಉತ್ತ ಮಣ್ಣಿಗೆ 0.25. ಕಲ್ಲು, ಹುಲ್ಲು, ನೀರು ಇದ್ದರೆ ಸೊನ್ನೆ. ಎಲ್ಲ ಸರಿಯಿದ್ದರೆ 4ಕ್ಕೆ 6 ಸೇರಿ 10 ಅಂಕ, ಅದೇ ಗರಿಷ್ಠ. ಆಮೇಲೆ 25ನ್ನು ಆ ಅಂಕದಿಂದ ಭಾಗಿಸಿ, ದಶಮಾಂಶ ಬಿಟ್ಟು, ಒಂದು ಕೂಡಿಸಬೇಕು. 10 ಅಂಕಕ್ಕೆ 3 ಬರುತ್ತದೆ. ಅಂದರೆ ಮೂರು ಚೀಟಿಗೆ ಒಂದು ಗೆಲುವು. 2 ಅಂಕಕ್ಕೆ 13 ಬರುತ್ತದೆ. ಹದಿಮೂರಕ್ಕೆ ಒಂದು.

ಇದರಲ್ಲಿ ಒಂದು ಕೊಕ್ಕೆಯೂ ಇದೆ. ಗಿಡದ ಮೂಲೆಗೆ ಮೂಲೆ ತಾಗಿ ಅದೇ ಜಾತಿಯ ಇನ್ನೊಂದು ಗಿಡ ಇದ್ದರೆ ಅಂಕ ಅರ್ಧವಾಗುತ್ತದೆ. ಪೂರ್ವ ಪಶ್ಚಿಮದ ಕಡೆಯೂ ಉತ್ತರ ದಕ್ಷಿಣದ ಕಡೆಯೂ ಅದೇ ಜಾತಿ ಇದ್ದರೂ ಅರ್ಧ. ಹೊಲದ ತುಂಬ ಬರೀ ಗೋಧಿ ಹಾಕಿದರೆ ಪ್ರತಿ ಗಿಡಕ್ಕೂ ಈ ಏಟು ಬೀಳುತ್ತದೆ. ಹೊಸಬರಿಗೆ ಇದು ಗೊತ್ತೇ ಇರುವುದಿಲ್ಲ. ಆಟದೊಳಗೆ ಎಲ್ಲೂ ಇದನ್ನು ಬರೆದಿಲ್ಲ, ಗೊತ್ತಾಗುವುದಾದರೂ ಹೇಗೆ ಅಲ್ವಾ?

ನೀರಿನ ವಿಷಯಕ್ಕೆ ಬರೋಣ. ಒಂದು ಬ್ಲಾಕ್ ನೀರು ನಾಲ್ಕೂ ದಿಕ್ಕಿಗೆ ನಾಲ್ಕು ನಾಲ್ಕು ಬ್ಲಾಕ್ ದೂರದವರೆಗೆ ಮಣ್ಣನ್ನು ಒದ್ದೆ ಮಾಡುತ್ತದೆ, ಮೂಲೆಯೂ ಸೇರಿ. ಅಂದರೆ 9ಕ್ಕೆ 9ರ ಚೌಕ. ನಡುವಿನ ನೀರು ಬಿಟ್ಟರೆ 80 ಬ್ಲಾಕ್. ನಿಮ್ಮದು 13ಕ್ಕೆ 13, ನೀರು ಕಳೆದರೆ 168 ಬ್ಲಾಕ್. ಅದರಲ್ಲಿ 80 ಒದ್ದೆ, 88 ಒಣ. ಅರ್ಧಕ್ಕಿಂತ ಜಾಸ್ತಿ ಹೊಲ ಮಳೆಯನ್ನೇ ನಂಬಿಕೊಂಡಿದೆ! ಮಳೆ ಬಂದರೆ ಉತ್ತ ಮಣ್ಣು ಒದ್ದೆಯಾಗುತ್ತದೆ, ನಿಜ. ಆದರೆ ಮಳೆ ನಿಂತ ಮೇಲೆ ಮತ್ತೆ ಒಣಗುತ್ತದೆ.

ಇದೇ ಲೆಕ್ಕದಲ್ಲಿ ನಿಮ್ಮ ಹೊಲವನ್ನು ಒಳಗಿನಿಂದ ಹೊರಗೆ ನಡೆದು ನೋಡೋಣ. ನೀವು ಹತ್ತಿರವೇ ಇದ್ದೀರಿ, ಬೆಳಕಿಗೆ ಕೊರತೆ ಇಲ್ಲ ಎಂದುಕೊಳ್ಳಿ. ನಡುವಿನ ಒದ್ದೆ ಭಾಗದ ಗೋಧಿ ಬಲಿಯಲು ಸರಾಸರಿ 48 ನಿಮಿಷ. ಒದ್ದೆ ಭಾಗಕ್ಕೆ ತಾಗಿದ ಮೊದಲ ಒಣ ಸಾಲಿಗೆ ಸುಮಾರು 80 ನಿಮಿಷ. ಕಟ್ಟೆಗೆ ಅಂಟಿಕೊಂಡ ಸಾಲಿಗೆ 127 ನಿಮಿಷ. ನಾಲ್ಕು ಮೂಲೆಗಳಿಗೆ 150 ನಿಮಿಷ ದಾಟುತ್ತದೆ. ಆಟದ ಒಂದು ಹಗಲು ರಾತ್ರಿ ಸೇರಿ 20 ನಿಮಿಷ ಅಷ್ಟೇ. ನಡುವಿನ ಗೋಧಿ ಮೂರು ಬೆಳೆ ಕೊಟ್ಟರೂ ಮೂಲೆಯ ಗಿಡ ಇನ್ನೂ ಒಂದು ಬೆಳೆ ಮುಗಿಸಿರುವುದಿಲ್ಲ. ನಿಮಗೆ ‘ಏಳುವುದೇ ಇಲ್ಲ’ ಅನ್ನಿಸಿದ್ದು ಸಹಜ. ಅದು ಏಳುತ್ತಿದೆ, ಆದರೆ ನೀವು ಹತ್ತಿರ ಇರುವ ಹೊತ್ತು ಅದಕ್ಕೆ ಸಾಲುತ್ತಿಲ್ಲ.

ಹರಿಯುವ ನೀರೇ ಬೇಕು ಅನ್ನೋದು ಸುಳ್ಳು. ನಿಂತ ನೀರು, ಹರಿಯುವ ನೀರು ಎರಡೂ ಒಂದೇ. ನೀರು ಆಕಾಶಕ್ಕೆ ತೆರೆದಿರಬೇಕು ಅಂತಲೂ ಇಲ್ಲ. ಮೇಲೆ ಬ್ಲಾಕ್ ಮುಚ್ಚಿದರೂ ಅದರ ಕೆಲಸ ನಡೆಯುತ್ತದೆ. ನೋಡಬೇಕಾದದ್ದು ಎತ್ತರವನ್ನು ಮಾತ್ರ. ನೀರು ಹೊಲದ ಮಟ್ಟದಲ್ಲೇ ಇರಬೇಕು, ಇಲ್ಲವೇ ಒಂದು ಬ್ಲಾಕ್ ಮೇಲಿರಬೇಕು. ಹೊಲದ ಅಡಿಯಲ್ಲಿ ಕಾಲುವೆ ಮಾಡಿದರೆ ಒಂದು ಹನಿಯೂ ಮೇಲೆ ಬರುವುದಿಲ್ಲ. ನಿಮ್ಮ ಮನೆ ಹಿಮ ಬೀಳುವ ಜಾಗದಲ್ಲಿದ್ದರೆ ಇನ್ನೊಂದು ಎಚ್ಚರ ಬೇಕು. ತೆರೆದ ನೀರು ಅಲ್ಲಿ ಮಂಜುಗಡ್ಡೆಯಾಗುತ್ತದೆ, ಮಂಜುಗಡ್ಡೆ ಮಣ್ಣನ್ನು ಒದ್ದೆ ಮಾಡುವುದಿಲ್ಲ. ಅಲ್ಲಿ ನೀರಿನ ಮೇಲೆ ಒಂದು ಬ್ಲಾಕ್ ಮುಚ್ಚಿಬಿಡಿ.

ಸರಿಪಡಿಸಲು ಹೊಲ ಪೂರ್ತಿ ಕೀಳಬೇಕಿಲ್ಲ. ಪ್ರತಿ ಮೂಲೆಯಿಂದ ಎರಡೂ ಕಡೆಗೆ ಎಣಿಸಿ, ನಾಲ್ಕನೇ ಸಾಲು ನಾಲ್ಕನೇ ಸಾಲು ಸೇರುವ ಜಾಗದಲ್ಲಿ ಒಂದೊಂದು ಗುಂಡಿ ತೋಡಿ ನೀರು ಸುರಿಯಿರಿ. ಒಟ್ಟು ನಾಲ್ಕು ಗುಂಡಿ. ಹೊಲದ 13 ಸಾಲಿಗೂ ನೀರು ಮುಟ್ಟುತ್ತದೆ. ನಡುವಿನ ಹಳೆಯ ಗುಂಡಿಗೆ ಮಣ್ಣು ತುಂಬಿ ಗುದ್ದಲಿ ಆಡಿಸಿ, ಅಲ್ಲೂ ಒಂದು ಗಿಡ ಹಾಕಬಹುದು. 165 ಗಿಡ, ಎಲ್ಲವೂ ಒದ್ದೆ ಮಣ್ಣಿನಲ್ಲಿ.

ಆಮೇಲೆ ಬಿತ್ತುವ ಕ್ರಮ ಬದಲಾಯಿಸಿ. ಒಂದು ಸಾಲು ಗೋಧಿ, ಅದರ ಪಕ್ಕ ಒಂದು ಸಾಲು ಕ್ಯಾರೆಟ್ ಅಥವಾ ಆಲೂಗಡ್ಡೆ, ಮತ್ತೆ ಗೋಧಿ. ಸಾಲಿನೊಳಗೆ ಮಾತ್ರ ಅದೇ ಜಾತಿ ಇರುವುದರಿಂದ ಮೂಲೆಗೆ ಮೂಲೆ ತಾಗುವುದಿಲ್ಲ, ಅಂಕ ಅರ್ಧವಾಗುವುದು ತಪ್ಪುತ್ತದೆ. ಹೊಲದ ಒಳಗಿನ ಗಿಡಗಳಿಗೆ 48 ನಿಮಿಷ ಇದ್ದದ್ದು 24ಕ್ಕೆ ಇಳಿಯುತ್ತದೆ. ಬೇರೆ ಬೀಜ ಸಿಕ್ಕಿಲ್ಲವೆಂದರೆ ಒಂದು ಸಾಲು ಬಿಟ್ಟು ಒಂದು ಸಾಲು ಬಿತ್ತಿ. ಖಾಲಿ ಸಾಲನ್ನೂ ಉತ್ತೇ ಇಡಿ. ಒದ್ದೆ ಇರುವವರೆಗೆ ಅದು ಹುಲ್ಲುಮಣ್ಣಾಗಿ ಹಾಳಾಗುವುದಿಲ್ಲ, ಪಕ್ಕದ ಗಿಡಕ್ಕೆ ಅಂಕವನ್ನೂ ಕೊಡುತ್ತದೆ. ತೀರಾ ಅಂಚಿನ ಸಾಲಿಗೆ ಒಂದು ಕಡೆ ಮಣ್ಣು ಸಿಗದೇ ಇರುವುದರಿಂದ ಆಗಲೂ 32 ನಿಮಿಷ, ಮೂಲೆಗೆ 40 ಬೇಕಾಗುತ್ತದೆ. ಅಷ್ಟಕ್ಕೆಲ್ಲ ತಲೆ ಕೆಡಿಸಿಕೊಳ್ಳಬೇಡಿ.

ನಿದ್ದೆಯ ವಿಷಯ ಬಹಳ ಜನರಿಗೆ ನಂಬಲು ಕಷ್ಟ. ಹಾಸಿಗೆಯಲ್ಲಿ ಮಲಗಿದರೆ ಆಟ ರಾತ್ರಿಯನ್ನು ಓಡಿಸುವುದಿಲ್ಲ, ಹಾರಿಸುತ್ತದೆ. ಸೂರ್ಯನನ್ನು ಎತ್ತಿ ಬೆಳಗಿನ ಜಾಗಕ್ಕೆ ಇಟ್ಟಷ್ಟೇ. ನಡುವಿನ ಟಿಕ್‌ಗಳು ನಡೆಯಲೇ ಇಲ್ಲ, ಚೀಟಿಗಳೂ ಬೀಳಲಿಲ್ಲ. ಹಾಗಾಗಿ ಬೆಳೆಗಾಗಿ ಮಲಗುವುದರಿಂದ ಏನೂ ಸಿಗುವುದಿಲ್ಲ. ರಾತ್ರಿ ಮನೆಯೊಳಗೇ ಎದ್ದಿದ್ದು ಕುಲುಮೆ ಹಚ್ಚುವುದು, ಪೆಟ್ಟಿಗೆ ಜೋಡಿಸುವುದು ಮಾಡಿದರೆ ಆ ಹೊತ್ತು ಹೊಲಕ್ಕೆ ದಕ್ಕುತ್ತದೆ. ಒಬ್ಬರೇ ಆಡುವಾಗ ಆಟವನ್ನು ಪಾಜ್ ಮಾಡಿ ನಿಲ್ಲಿಸಿ ಎದ್ದು ಹೋದರೂ ಬೆಳೆ ನಿಲ್ಲುತ್ತದೆ. ಆಟ ಮುಚ್ಚಿದರಂತೂ ಕೇಳುವುದೇ ಬೇಡ.

ದೂರದ ಗಣಿಯ ಕಥೆಯೂ ಇದೇ. ಆಟ ಜಗತ್ತನ್ನೆಲ್ಲ ಒಟ್ಟಿಗೆ ನಡೆಸುವುದಿಲ್ಲ, ನಿಮ್ಮ ಸುತ್ತಲಿನ ಚಂಕ್‌ಗಳನ್ನು ಮಾತ್ರ ನಡೆಸುತ್ತದೆ. ಎಷ್ಟು ದೂರದವರೆಗೆ ಅನ್ನೋದನ್ನು ವಿಡಿಯೋ ಸೆಟ್ಟಿಂಗ್ಸ್‌ನಲ್ಲಿರುವ ಸಿಮ್ಯುಲೇಶನ್ ಡಿಸ್ಟೆನ್ಸ್ ತೀರ್ಮಾನಿಸುತ್ತದೆ. ಅದನ್ನು 5ಕ್ಕೆ ಇಟ್ಟಿದ್ದರೆ 5 ಚಂಕ್, ಅಂದರೆ ಸುಮಾರು 80 ಬ್ಲಾಕ್. ಅದರಾಚೆ ಹೋದರೆ ಹೊಲ ನೀವು ಬಿಟ್ಟ ಸ್ಥಿತಿಯಲ್ಲೇ ಹೆಪ್ಪುಗಟ್ಟಿ ಕೂರುತ್ತದೆ. ಆಟದ ಇನ್ನೊಂದು ಲೋಕವಾದ ನೆದರ್‌ಗೆ ಹೋದಾಗಲೂ ಹಾಗೆಯೇ. ವಾಪಸ್ ಬಂದಾಗ ಕಳೆದ ಹೊತ್ತಿನ ಲೆಕ್ಕವನ್ನು ಆಟ ಕೂಡಿಸಿ ಕೊಡುವುದೂ ಇಲ್ಲ. ಆ ಸಂಖ್ಯೆಯನ್ನು ಹೆಚ್ಚಿಸಬಹುದು, ಆದರೆ ಕಂಪ್ಯೂಟರ್ ಮೇಲೆ ಭಾರ ಬೀಳುತ್ತದೆ, ಹಳೆಯ ಲ್ಯಾಪ್‌ಟಾಪ್ ಆದರೆ ಆಟ ತಡವರಿಸುತ್ತದೆ. ನನ್ನ ಸಲಹೆ ಬೇರೆ. ಗಣಿಯನ್ನು ಹೊಲದ ಹತ್ತಿರಕ್ಕೆ ತನ್ನಿ. ಮನೆಯ ಕೆಳಗೇ ಮೆಟ್ಟಿಲು ತೋಡಿಕೊಂಡು ಇಳಿಯಿರಿ. ಚಂಕ್ ಅನ್ನೋದು ಆಕಾಶದಿಂದ ಪಾತಾಳದವರೆಗೆ ಒಂದೇ ಕಂಬ. ಎಷ್ಟು ಆಳಕ್ಕೆ ಇಳಿದರೂ ಮೇಲಿನ ಹೊಲ ಬೆಳೆಯುತ್ತಲೇ ಇರುತ್ತದೆ. ಒಂದು ಗಂಟೆ ವಜ್ರ ಹುಡುಕಿ ಮೇಲೆ ಬಂದರೆ ಕೊಯ್ಲು ಕಾಯುತ್ತಿರುತ್ತದೆ.

ಇನ್ನು ಕಟ್ಟೆಯ ಪಕ್ಕ ಬರೀ ಮಣ್ಣಾಗುವುದು. ಅದು ರೋಗವೂ ಅಲ್ಲ, ಸರ್ವರ್ ದೋಷವೂ ಅಲ್ಲ. ನಿಮ್ಮದೇ ಕಾಲು. ಉತ್ತ ಮಣ್ಣಿನ ಮೇಲೆ ನಡೆದರೆ, ಓಡಿದರೆ ಏನೂ ಆಗುವುದಿಲ್ಲ. ಮೇಲಿನಿಂದ ಬಿದ್ದರೆ ಮಾತ್ರ ತುಳಿದಂತೆ. ಅರ್ಧ ಬ್ಲಾಕ್‌ಗಿಂತ ಜಾಸ್ತಿ ಎತ್ತರದಿಂದ ಬಿದ್ದರೆ ಮಣ್ಣು ಹಾಳಾಗುವ ಸಂಭವ ಶುರುವಾಗುತ್ತದೆ. ಒಂದೂವರೆ ಬ್ಲಾಕ್ ಆದರೆ ಖಂಡಿತ ಹಾಳು. ನಿಮ್ಮ ಕಟ್ಟೆ ಒಂದು ಬ್ಲಾಕ್ ಎತ್ತರ. ಅದರ ಮೇಲಿನಿಂದ ಹೊಲಕ್ಕೆ ಇಳಿದಾಗಲೆಲ್ಲ ಅರ್ಧಕ್ಕಿಂತ ತುಸು ಜಾಸ್ತಿ ಸಲ ಕಾಲಡಿಯ ಬ್ಲಾಕ್ ಮಣ್ಣಾಗಿ, ಗಿಡ ಕಿತ್ತು ಬರುತ್ತದೆ. ಹೊಲದೊಳಗೆ ನಿಂತು ಜಿಗಿದರೆ ನಾಲ್ಕರಲ್ಲಿ ಮೂರು ಸಲ ಹೀಗೇ. ಕಟ್ಟೆ ಹತ್ತಿ ಬಂದ ಜೋಂಬಿ ಒಳಗೆ ಬಿದ್ದರೂ ಅದೇ ಗತಿ. ಗಿಡಕ್ಕೆ ಅದು ಹಲ್ಲು ಹಾಕುವುದಿಲ್ಲ, ಬೀಳುವುದರಿಂದ ಹಾಳು ಮಾಡುತ್ತದೆ ಅಷ್ಟೇ. ಕ್ಯಾರೆಟ್ ಹಾಕಿದ ಮೇಲೆ ಮೊಲಗಳ ಮೇಲೂ ಕಣ್ಣಿರಲಿ. ಅವು ನಿಜಕ್ಕೂ ತಿನ್ನುತ್ತವೆ.

ಕಟ್ಟೆ ತೆಗೆದು ಅದೇ ಜಾಗದಲ್ಲಿ ಮರದ ಬೇಲಿ ಹಾಕಿ, ನೆಲಮಟ್ಟದಲ್ಲಿ ಒಂದು ಗೇಟ್ ಇಡಿ. ಬೇಲಿಯನ್ನು ನೀವೂ ಹಾರಲಾರಿರಿ, ಜೋಂಬಿಯೂ ಹಾರಲಾರದು. ಗೇಟಿನಿಂದ ಹೊಲಕ್ಕೆ ಕಾಲಿಟ್ಟರೆ ಬೀಳುವ ಎತ್ತರವೇ ಇರುವುದಿಲ್ಲ. ಕಟ್ಟೆಯ ಚಂದ ಬಿಡಲು ಮನಸ್ಸಿಲ್ಲದಿದ್ದರೆ ಕಟ್ಟೆಗೂ ಹೊಲಕ್ಕೂ ನಡುವೆ ಒಂದು ಸಾಲು ಕಲ್ಲು ಹಾಸಿ, ಇಳಿಯುವುದನ್ನು ಆ ಕಲ್ಲಿನ ಮೇಲೆ ಇಳಿಯಿರಿ.

ಮಣ್ಣಾಗುವುದಕ್ಕೆ ಎರಡನೇ ಕಾರಣವೂ ಇದೆ. ಅಂಚಿನ ಒಣ ಸಾಲಿನಲ್ಲಿ ಕೊಯ್ದು, ‘ಆಮೇಲೆ ಬಿತ್ತಿದರಾಯಿತು’ ಎಂದು ಬಿಟ್ಟರೆ ಆ ಬ್ಲಾಕ್ ತಾನಾಗಿ ಮಣ್ಣಿಗೆ ಮರಳುತ್ತದೆ. ಗಿಡ ಇದ್ದರೆ ಒಣಗಿದರೂ ಉಳಿಯುತ್ತದೆ, ಖಾಲಿ ಇದ್ದರೆ ಉಳಿಯದು. ಕೊಯ್ದ ಕೈಯಲ್ಲೇ ಬಿತ್ತುವ ರೂಢಿ ಮಾಡಿಕೊಳ್ಳಿ.

ಕೊಯ್ಯುವಾಗ ಅವಸರ ಬೇಡ. ಪೂರ್ತಿ ಬಲಿತ ಗೋಧಿಯಿಂದ ಒಂದು ಗೋಧಿ ಮತ್ತು ಒಂದರಿಂದ ನಾಲ್ಕು ಬೀಜ ಸಿಗುತ್ತದೆ. ಎಳೆಯದನ್ನು ಕಿತ್ತರೆ ಒಂದು ಬೀಜ ಮಾತ್ರ. ಏಳನೇ ಹಂತದ ಗೋಧಿಯೂ ಎತ್ತರವಾಗಿಯೇ ಇರುತ್ತದೆ, ಆದರೆ ತೆನೆಯಲ್ಲಿ ಹಸಿರು ಉಳಿದಿರುತ್ತದೆ. ಬಣ್ಣ ಪೂರ್ತಿ ಕಂದು ಹೊಂಬಣ್ಣಕ್ಕೆ ತಿರುಗುವವರೆಗೆ ಕಾಯಿರಿ. ಕ್ಯಾರೆಟ್ ಸುಲಭ. ಎಂಟು ಹಂತಕ್ಕೆ ನಾಲ್ಕೇ ರೂಪ, ಮಣ್ಣಿನ ಮೇಲೆ ಕಿತ್ತಳೆ ತಲೆ ಚೆನ್ನಾಗಿ ಕಂಡರೆ ಬಲಿತಿದೆ ಎಂದೇ ಅರ್ಥ. ಫಾರ್ಚೂನ್ ಎಂಬ ಮಂತ್ರಶಕ್ತಿ ಇರುವ ಸಲಕರಣೆಯಲ್ಲಿ ಕೊಯ್ದರೆ ಕ್ಯಾರೆಟ್, ಆಲೂಗಡ್ಡೆ ಜಾಸ್ತಿ ಬರುತ್ತದೆ. ಗೋಧಿಯಲ್ಲಿ ಮಾತ್ರ ಬೀಜವಷ್ಟೇ ಹೆಚ್ಚುತ್ತದೆ, ಗೋಧಿ ಒಂದೇ.

ಇಲ್ಲಿ ನೀವು ಕೇಳದೇ ಇರುವ ಒಂದು ಮಾತು ಹೇಳಬೇಕು. ಹಸಿವು ನೀಗಿಸುವುದೇ ಗುರಿಯಾದರೆ ಗೋಧಿ ಸರಿಯಾದ ಬೆಳೆ ಅಲ್ಲ. ಮೂರು ಗೋಧಿಗೆ ಒಂದು ಬ್ರೆಡ್, ಒಂದು ಬ್ರೆಡ್‌ಗೆ 5 ಹಸಿವಿನ ಅಂಕ. ಅಂದರೆ ಒಂದು ಗಿಡಕ್ಕೆ ಎರಡು ಅಂಕವೂ ಬೀಳುವುದಿಲ್ಲ. ಆಲೂಗಡ್ಡೆ ಗಿಡ ಎರಡರಿಂದ ಐದು ಆಲೂಗಡ್ಡೆ ಕೊಡುತ್ತದೆ, ಸರಾಸರಿ ಮೂರೂವರೆಗಿಂತ ಸ್ವಲ್ಪ ಜಾಸ್ತಿ. ಒಂದನ್ನು ಮತ್ತೆ ನೆಟ್ಟು ಉಳಿದದ್ದನ್ನು ಸುಟ್ಟರೆ ಒಂದೊಂದಕ್ಕೂ ಅದೇ 5 ಅಂಕ. ಲೆಕ್ಕ ಹಾಕಿ, ಒಂದೇ ಜಾಗದಲ್ಲಿ ಗೋಧಿಗಿಂತ ಸುಮಾರು ಎಂಟು ಪಟ್ಟು ಊಟ. ಬೆಳೆಯಲು ಹಿಡಿಯುವ ಹೊತ್ತೂ ಗೋಧಿಯಷ್ಟೇ. ತೊಂದರೆ ಇಲ್ಲವೆಂದಲ್ಲ. ಸುಡಲು ಕುಲುಮೆಗೆ ಇದ್ದಿಲೋ ಕಲ್ಲಿದ್ದಲೋ ಬೇಕು. ನೂರು ಕೊಯ್ಲಿಗೆ ಎರಡರ ಲೆಕ್ಕದಲ್ಲಿ ವಿಷದ ಆಲೂಗಡ್ಡೆಯೂ ಬರುತ್ತದೆ, ಅದನ್ನು ಬಿಸಾಡಬೇಕು ಅಷ್ಟೇ. ಮೊದಲ ಆಲೂಗಡ್ಡೆ ಸಿಗುವುದೇ ಸ್ವಲ್ಪ ಕಷ್ಟ. ಹಳ್ಳಿಗಳ ಹೊಲದಲ್ಲಿ ಹುಡುಕಿ, ಇಲ್ಲದಿದ್ದರೆ ಜೋಂಬಿ ಸತ್ತಾಗ ಅಪರೂಪಕ್ಕೆ ಬೀಳುತ್ತದೆ. ಕ್ಯಾರೆಟ್ ಹಸಿಯಾಗಿಯೇ 3 ಅಂಕ ಕೊಡುತ್ತದೆ, ಒಲೆಯ ಗೊಡವೆ ಇಲ್ಲ. ಬೀಟ್‌ರೂಟ್ ಬಗ್ಗೆ ಹೇಳುವಂಥದ್ದೇನೂ ಇಲ್ಲ, ಒಂದಕ್ಕೆ ಒಂದೇ ಅಂಕ.

ಹಾಗಂತ ಗೋಧಿಯನ್ನು ಪೂರ್ತಿ ಬಿಡಬೇಡಿ. ಹಸು, ಕುರಿ ಸಾಕಿ ಮರಿ ಮಾಡಿಸಲು ಅದೇ ಬೇಕು. ಹಳ್ಳಿಯಲ್ಲಿರುವ ರೈತ ವಿಲೇಜರ್ 20 ಗೋಧಿಗೆ, ಆಟದಲ್ಲಿ ಹಣದಂತೆ ನಡೆಯುವ ಎಮರಾಲ್ಡ್ ಒಂದು ಕೊಡುತ್ತಾನೆ. ಕ್ಯಾರೆಟ್ ಆದರೆ 22, ಆಲೂಗಡ್ಡೆ ಆದರೆ 26. ಒಂದು ಸಾಲು ಗೋಧಿ, ಒಂದು ಸಾಲು ಆಲೂಗಡ್ಡೆ ಇಟ್ಟರೆ ಊಟವೂ ಆಯಿತು, ವ್ಯಾಪಾರವೂ ಆಯಿತು, ಅಂಕ ಅರ್ಧವಾಗುವ ಕಾಟವೂ ತಪ್ಪಿತು.

ಬಿಸಿಲು, ಟಾರ್ಚ್ ವಿಷಯದಲ್ಲಿ ನಿಮ್ಮ ಗೆಳೆಯರು ಹೇಳಿದ್ದು ತಪ್ಪು. ಬೆಳಕು ಎಲ್ಲಿಂದ ಬಂತು ಎಂದು ಗಿಡ ಕೇಳುವುದಿಲ್ಲ. ಹಾಗಾಗಿ ನೆಲದಡಿಯ ಹೊಲ ಧಾರಾಳವಾಗಿ ಮಾಡಬಹುದು. ಆದರೆ ಬಹಳ ಜನ ಮಾಡುವ ತಪ್ಪು ಒಂದಿದೆ. 9ಕ್ಕೆ 9 ಹೊಲದ ನಡುವೆ ಒಂದೇ ಟಾರ್ಚ್ ಇಟ್ಟು ಸುಮ್ಮನಾಗುತ್ತಾರೆ. ಟಾರ್ಚ್‌ನ ಬೆಳಕು 14, ಒಂದೊಂದು ಹೆಜ್ಜೆಗೆ ಒಂದೊಂದು ಇಳಿಯುತ್ತದೆ. ಓರೆಯಾಗಿ ಹೋಗುವುದಿಲ್ಲ, ನಾಲ್ಕು ಹೆಜ್ಜೆ ಪಕ್ಕಕ್ಕೆ, ನಾಲ್ಕು ಹೆಜ್ಜೆ ಮುಂದಕ್ಕೆ ಎಂದು ಎಣಿಸಬೇಕು. ಮೂಲೆ ಮುಟ್ಟುವಾಗ ಎಂಟು ಹೆಜ್ಜೆ ಆಗಿ ಬೆಳಕು 6ಕ್ಕೆ ಬಂದಿರುತ್ತದೆ. 9 ಇಲ್ಲದಿದ್ದರೆ ಬೆಳವಣಿಗೆ ನಿಲ್ಲುತ್ತದೆ. ಆಕಾಶ ಕಾಣದ ಕಡೆ 8ಕ್ಕಿಂತ ಕಡಿಮೆಯಾದರೆ ಗಿಡ ನೆಲ ಬಿಟ್ಟು ಕಿತ್ತುಕೊಂಡೇ ಬರುತ್ತದೆ. 15 ಬೆಳಕಿನ ಗ್ಲೋಸ್ಟೋನ್ ಇಟ್ಟರೂ ಮೂಲೆಗೆ 7 ಅಷ್ಟೇ. ಹಾಗಾಗಿ ನಾಲ್ಕು ಮೂಲೆಗೂ ಬೆಳಕು ಕೊಡಿ, ನಡುವೆ ಒಂದು ಇರಲಿ. ಹೊಲದ ಸುತ್ತ ಒಂದು ಮಿಣುಕೂ ಇಲ್ಲದ ಕತ್ತಲೆ ಮೂಲೆ ಬಿಟ್ಟರೆ ಅಲ್ಲೇ ಜೋಂಬಿ ಹುಟ್ಟುತ್ತದೆ, ಅದನ್ನೂ ನೋಡಿಕೊಳ್ಳಿ.

ಕಬ್ಬಿನ ಮಾತೂ ಸುಳ್ಳೇ. ಮರಳಿನಲ್ಲಿ, ಮಣ್ಣಿನಲ್ಲಿ ಎರಡರಲ್ಲೂ ಒಂದೇ ವೇಗ. ಬೇಕಾದದ್ದು ಕಬ್ಬು ನಿಂತ ಬ್ಲಾಕ್‌ಗೆ ತಾಗಿಯೇ ನೀರು. ನಾಲ್ಕು ಬ್ಲಾಕ್ ದೂರದ ನೀರು ಇಲ್ಲಿ ನಡೆಯದು. ಬೆಳಕಿನ ಹಂಗಿಲ್ಲ, ಮಣ್ಣಿನ ಅಂಕವಿಲ್ಲ. ಒಂದು ಬ್ಲಾಕ್ ಏರಲು 16 ಚೀಟಿ ಬೇಕು, ಸರಾಸರಿ 18 ನಿಮಿಷ. ಮೂರು ಬ್ಲಾಕ್ ಎತ್ತರಕ್ಕೆ ನಿಲ್ಲುತ್ತದೆ. ಬುಡದ ಬ್ಲಾಕ್ ಬಿಟ್ಟು ಮೇಲಿನದ್ದನ್ನು ಮುರಿದರೆ ಮತ್ತೆ ನೆಡುವ ಕೆಲಸವಿಲ್ಲ.

ಬೋನ್ ಮೀಲ್ ಹಾಕಿದರೆ ಇಳುವರಿ ಕಡಿಮೆಯಾಗುವುದಿಲ್ಲ. ಬಲಿತ ಗಿಡ ಹೇಗೆ ಬಲಿಯಿತು ಅನ್ನೋದನ್ನು ಆಟ ನೆನಪಿಡುವುದೇ ಇಲ್ಲ. ಗೋಧಿ, ಕ್ಯಾರೆಟ್, ಆಲೂಗಡ್ಡೆಗೆ ಒಂದು ಸಲ ಹಾಕಿದರೆ ಎರಡರಿಂದ ಐದು ಹಂತ ಒಟ್ಟಿಗೇ ಏರುತ್ತದೆ. ಚೀಟಿಯ ಗೊಡವೆಯೇ ಇಲ್ಲ. ತೊಡಕು ಇರುವುದು ಖರ್ಚಿನಲ್ಲಿ. ಒಂದು ಮೂಳೆಗೆ ಮೂರು ಬೋನ್ ಮೀಲ್, ಒಂದು ಗಿಡ ಬಲಿಯಲು ಎರಡರಿಂದ ನಾಲ್ಕು ಬೇಕು. 165 ಗಿಡದ ಹೊಲಕ್ಕೆ ಇದು ಕಟ್ಟುವುದಿಲ್ಲ. ಸಿಕ್ಕಿದ ಒಂದೇ ಆಲೂಗಡ್ಡೆಯನ್ನು ಹತ್ತು ಮಾಡಿಕೊಳ್ಳಲು, ಇಲ್ಲವೇ ಹಸಿದು ಪ್ರಾಣ ಹೋಗುವಂತಾದಾಗ ಬಳಸಿ. ಮಿಕ್ಕಿದ ಗೋಧಿ ಬೀಜವನ್ನು ಗೊಬ್ಬರದ ಪೆಟ್ಟಿಗೆಯಾದ ಕಾಂಪೋಸ್ಟರ್‌ಗೆ ಹಾಕಿದರೆ ಇಪ್ಪತ್ತರ ಆಸುಪಾಸು ಬೀಜಕ್ಕೆ ಒಂದು ಬೋನ್ ಮೀಲ್ ಬರುತ್ತದೆ. ಬೀಜದ ಪೆಟ್ಟಿಗೆ ತುಂಬಿ ತುಳುಕುತ್ತಿದ್ದರೆ ಅದಕ್ಕಿಂತ ಒಳ್ಳೆಯ ದಾರಿ ಇಲ್ಲ.

ಕೊಯ್ಯುವುದೇ ಬೇಸರ ಅನ್ನಿಸಿದರೆ ವಿಲೇಜರ್‌ಗೆ ಬಿಡಬಹುದು. ಕೆಲಸವಿಲ್ಲದ ವಿಲೇಜರ್ ಹತ್ತಿರ ಕಾಂಪೋಸ್ಟರ್ ಇಟ್ಟರೆ ರೈತನಾಗುತ್ತಾನೆ, ತಾನೇ ಕೊಯ್ದು ತಾನೇ ಬಿತ್ತುತ್ತಾನೆ. ಆದರೆ ಕೊಯ್ದದ್ದು ಅವನ ಚೀಲಕ್ಕೆ ಹೋಗುತ್ತದೆ, ನಿಮ್ಮ ಪೆಟ್ಟಿಗೆಗಲ್ಲ. ಜಾಸ್ತಿಯಾದ ಊಟವನ್ನು ಪಕ್ಕದ ವಿಲೇಜರ್ ಕಡೆಗೆ ಎಸೆಯುತ್ತಾನೆ. ಆ ದಾರಿಯಲ್ಲಿ ಬಿದ್ದದ್ದನ್ನು ಎಳೆದುಕೊಳ್ಳುವ ಹಾಪರ್ ಇಟ್ಟು ಹಿಡಿಯಬೇಕು. ರಾತ್ರಿ ಒಂದು ಜೋಂಬಿ ನುಗ್ಗಿದರೆ ಇಡೀ ವ್ಯವಸ್ಥೆ ಮುಗಿದಂತೆ. ಛಾವಣಿ, ಗೋಡೆ, ಬೆಳಕು ಮೂರೂ ಆದ ಮೇಲೆಯೇ ವಿಲೇಜರ್‌ನನ್ನು ತನ್ನಿ.

ಕೊನೆಗೆ ಗೇಮ್‌ರೂಲ್. ನೀವು ಕೇಳಿದ್ದು ರ‍್ಯಾಂಡಮ್ ಟಿಕ್ ಸ್ಪೀಡ್ ಬಗ್ಗೆ ಇರಬೇಕು. ಮೇಲೆ ಹೇಳಿದ ಆ ‘ಮೂರು ಚೀಟಿ’ಯ ಸಂಖ್ಯೆ ಅದೇ. ಜಾವಾದಲ್ಲಿ ಅದು ಮೊದಲಿಗೆ 3 ಇರುತ್ತದೆ. 30 ಮಾಡಿದರೆ ಬೆಳೆ ಹತ್ತು ಪಟ್ಟು ವೇಗ. ಬದಲಾಯಿಸಲು ಆ ಜಗತ್ತಿನಲ್ಲಿ ಚೀಟ್ಸ್ (ಆಟಕ್ಕೆ ಕಮಾಂಡ್ ಕೊಡುವ ಅನುಮತಿ) ಆನ್ ಆಗಿರಬೇಕು. ತೊಂದರೆ ಏನೆಂದರೆ ಚೀಟಿ ಗೋಧಿಗೆ ಮಾತ್ರ ಬೀಳುವುದಿಲ್ಲ. ಬುಡ ಕಡಿದ ಮರದ ಎಲೆ ಉದುರುವುದು, ಬಳ್ಳಿ ಹಬ್ಬುವುದು, ಮಂಜುಗಡ್ಡೆ ಕರಗುವುದು, ತಾಮ್ರದ ಛಾವಣಿ ಹಸಿರಾಗುವುದು, ನೀರಿಲ್ಲದ ಹೊಲ ಒಣಗುವುದು ಎಲ್ಲವೂ ಅದೇ ವೇಗಕ್ಕೆ ಏರುತ್ತದೆ. ತಾಮ್ರದ ಬಣ್ಣ ನೋಡಿ ಮನೆ ಕಟ್ಟಿದವರಿಗೆ ಇದು ಬೇಸರದ ವಿಷಯ. ಸಂಖ್ಯೆಯನ್ನು ಸಾವಿರಗಟ್ಟಲೆ ಏರಿಸಿದರೆ ಆಟವೇ ಸಿಕ್ಕಿಹಾಕಿಕೊಳ್ಳುತ್ತದೆ. ಹಲವರು ಆಡುವ ಸರ್ವರ್‌ನಲ್ಲಿ ಉಳಿದವರನ್ನು ಕೇಳದೆ ಇದನ್ನು ಮುಟ್ಟಲೇಬೇಡಿ. ನಿಮ್ಮ ಗೆಳೆಯರು ಬೆಡ್‌ರಾಕ್ ಎಡಿಷನ್ (ಮೊಬೈಲ್, ಕನ್ಸೋಲ್‌ಗಳಲ್ಲೂ ಸಿಗುವ ಆವೃತ್ತಿ) ಆಡುವವರಾದರೆ ಅವರಿಗೆ ಬೇರೆ ಎಚ್ಚರ ಹೇಳಿ. ಅಲ್ಲಿ ಮೊದಲಿನ ಸಂಖ್ಯೆ 3 ಅಲ್ಲ, 1. ಚೀಟ್ಸ್ ಆನ್ ಮಾಡಿದ ಜಗತ್ತಿನಲ್ಲಿ ಅಚೀವ್‌ಮೆಂಟ್ ಸಿಗುವುದೂ ನಿಂತುಹೋಗುತ್ತದೆ.

ಒಬ್ಬರೇ ಆಡುವ ಜಗತ್ತಾದರೆ, ಮೊದಲು ನೀರಿನ ಗುಂಡಿ, ಸಾಲು, ಬೇಲಿ ಮೂರನ್ನೂ ಸರಿ ಮಾಡಿ. ಒಂದು ಬೆಳೆ ತೆಗೆದು ನೋಡಿ. ಆಮೇಲೂ ಸಾಲದು ಅನ್ನಿಸಿದರೆ ಜಗತ್ತಿನ ಒಂದು ಬ್ಯಾಕಪ್ ಇಟ್ಟುಕೊಂಡು ಆ ಸಂಖ್ಯೆಯನ್ನು 6 ಅಥವಾ 9 ಮಾಡಿ, ಕೊಯ್ಲು ಮುಗಿದ ಮೇಲೆ ಮತ್ತೆ 3ಕ್ಕೆ ತನ್ನಿ. 0 ಮಾತ್ರ ಹಾಕಬೇಡಿ, ಹಾಕಿದರೆ ಚೀಟಿ ಬೀಳುವುದೇ ನಿಂತು ಹೊಲದಲ್ಲಿ ಒಂದು ಗಿಡವೂ ತಾನಾಗಿ ಏಳುವುದಿಲ್ಲ.